ಉಪ್ಪು ತಿಂದ ಗಾಡಿ

ಸಾಗಣೆ ಕಂಪನಿಯ ಹುಡುಗ ಫೋನಿನಲ್ಲಿ ಲೆಕ್ಕ ಒಪ್ಪಿಸಿದ:
ಆರ್ಕ್ನಿ ದ್ವೀಪದಿಂದ ನ್ಯೂಜಿಲೆಂಡಿನ ಡನೀಡನ್‌ಗೆ
ಹಡಗಿನ ಹೊಟ್ಟೆಯಲ್ಲಿ ಹತ್ತು ಹನ್ನೊಂದು ವಾರ,
ಮೂರು ಸಾವಿರದ ಇನ್ನೂರು ಪೌಂಡು,
ವಿಮೆ ಬೇರೆ, ಸುಂಕ ಬೇರೆ.
ಕಾರಿನ ಬೆಲೆ ಎಷ್ಟು ಎಂದ. ಹೇಳಿದೆ.
ಆ ಕಡೆ ಒಂದು ಗಳಿಗೆ ಸದ್ದಿಲ್ಲ.
ಮೂಗಿಗಿಂತ ಮೂಗುತಿ ಭಾರ
ಎನ್ನಲಿಲ್ಲ ಅವನು. ಮರ್ಯಾದಸ್ಥ.

ಹದಿನಾಲ್ಕು ವರ್ಷದ ಫಿಯಟ್ ಪಾಂಡಾ.
ಬಣ್ಣ ನೀಲಿ ಅಂತ ಕಾಗದದಲ್ಲಿದೆ.
ಎಡಗನ್ನಡಿ ಟೇಪಿನ ದಯೆಯಲ್ಲಿ ನಿಂತಿದೆ,
ಹೀಟರು ಕಾಲಿಗಷ್ಟೇ.
ನಾನು ಇಲ್ಲಿಯ ಸೂಲಗಿತ್ತಿ, ಇಶ್ಬೆಲ್ ಲಿಂಕ್ಲೇಟರ್.
ಬೇನೆ ಶುರುವಾಗುವುದು ನಡುರಾತ್ರಿಗೇ,
ಗಾಳಿ ಬೀಸುವುದು ಎದುರಿನಿಂದಲೇ.
ಎರಡಕ್ಕೂ ಈ ಗಾಡಿ ಇಲ್ಲವೆಂದದ್ದಿಲ್ಲ.

ಒಮ್ಮೆ ಹೌಟನ್ ಕಟ್ಟೆಯಲ್ಲಿ, ದೋಣಿ ಬಾರದ ರಾತ್ರಿ,
ಇಂಗಾ ಫ್ಲೆಟ್ ಹಿಂದಿನ ಸೀಟಿನಲ್ಲೇ ಹೆತ್ತಳು.
ವೈಪರು ಆಡುತ್ತಲೇ ಇತ್ತು, ನಿಲ್ಲಿಸಲು ಕೈ ಖಾಲಿಯಿರಲಿಲ್ಲ.
ಸಿಗರ್ಡ್‌ಗೆ ಈಗ ಹನ್ನೊಂದು.
ಶಾಲೆಯ ಮುಂದೆ ನನ್ನ ಕಾರು ಕಂಡರೆ
ಗೆಳೆಯರೆದುರು ಮುಖ ತಿರುಗಿಸುತ್ತಾನೆ,
ಯಾರೂ ಇಲ್ಲದಾಗ ಬಾನೆಟ್ಟು ತಟ್ಟಿ ಹೋಗುತ್ತಾನೆ.

ಐವತ್ತೆರಡರಲ್ಲಿ ಮದುವೆ ನನಗೆ.
ನಗುವವರು ನಗಲಿ.
ಕುರಿ ಉಣ್ಣೆ ಕತ್ತರಿಸಲು ಒಂದು ಬೇಸಿಗೆ ಬಂದಿದ್ದ ಹೇಮಿ,
ಆ ತುದಿಯವನು.
‘ಹಾದಿಗೊಂದು ಹಳೇ ಜಪಾನಿ ಕಾರು ಸಿಗುತ್ತವೆ ಇಲ್ಲಿ,
ನೀನು ಬಾ ಸಾಕು,’ ಎನ್ನುತ್ತಾನೆ.
ಗೊತ್ತು.
ಮಗುವೂ ಎಲ್ಲ ಕಡೆ ಹುಟ್ಟುತ್ತದೆ,
ಹಾಗಂತ ಯಾರೂ ಬದಲಿಸಿಕೊಳ್ಳುವುದಿಲ್ಲ.

ಆಮೇಲೆ ಬಂತು ನಿಯಮಗಳ ಪಟ್ಟಿ.
ಮಣ್ಣು ಕೂಡದು. ಬೀಜ ಕೂಡದು.
ಗರಿ, ಹುಲ್ಲು, ಜೇಡ, ಜೇಡದ ಮೊಟ್ಟೆ,
ನಾಯಿಯ ಕೂದಲು ಕೂಡದು.
ಆ ದೇಶಕ್ಕೆ ಕಾರು ಬರಬಹುದು,
ಕಾರು ಹೋಗಿಬಂದ ಜಾಗಗಳು ಬರುವಂತಿಲ್ಲ.

ಶನಿವಾರ ಕರ್ಕ್‌ವಾಲ್ ಪೆಟ್ರೋಲ್ ಬಂಕಿನಲ್ಲಿ
ವ್ಯಾಕ್ಯೂಮಿನ ಬಾಯಿಗೆ ನಾಣ್ಯ ಹಾಕಿ ಬಗ್ಗಿದೆ.
ಸೀಟಿನ ಸಂದಿಯಲ್ಲಿ ಬಾರ್ಲಿ ಕಾಳು,
ಸ್ಕೇಲ್ ಕೊಲ್ಲಿಯ ಮರಳು,
ಹೆಸರೇ ಇಡದೆ ಹೋದ ಒಂದು ಕೂಸಿಗೆಂದು
ಅದರ ಅಜ್ಜಿ ಹೆಣೆದ ಬೆರಳುದ್ದದ ಕಾಲುಚೀಲ.
ಅದೆಲ್ಲಿ ಹೋಯಿತೆಂದು ಆರು ವರ್ಷ ಹುಡುಕಿದ್ದೆ.
ಕೈಯಲ್ಲಿ ಹಿಡಿದು ಕೂತೆ.
ಪೈಪು ತನ್ನಷ್ಟಕ್ಕೆ ಗಾಳಿ ಕುಡಿಯುತ್ತ
ಮೂರು ನಿಮಿಷ ಮುಗಿಸಿ ಸುಮ್ಮನಾಯಿತು.
ಇನ್ನೊಂದು ನಾಣ್ಯ ಪರ್ಸಿನಲ್ಲಿತ್ತು. ತೆಗೆಯಲಿಲ್ಲ.

ಗ್ಯಾರೇಜಿನ ಡ್ರೀವರ್ ಕಾರನ್ನೆತ್ತಿ
ಅಡಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ.
ಸುತ್ತಿಗೆ ಒಳಗೇ ಹೋಯಿತು.
ತುಕ್ಕು, ಅಲ್ಲಿಯವರು ಒಳಗೆ ಬಿಡುವುದಿಲ್ಲ ಎಂದ,
ಕೈಯೊರೆಸಿಕೊಳ್ಳುತ್ತ, ನನ್ನ ಮುಖ ನೋಡದೆ.
ಹದಿನಾಲ್ಕು ವರ್ಷದ ಕಡಲ ಗಾಳಿ.
ಈ ಊರಿನ ಉಪ್ಪು ತಿಂದದ್ದು ಕಾರೋ,
ಕಾರನ್ನು ತಿಂದದ್ದು ಉಪ್ಪೋ,
ಅಂತೂ ಋಣ ಇಲ್ಲಿಯದು.

ನಿರಾಳವಾಯಿತು ಎಂದರೆ ಸುಳ್ಳು.
ಆಗಲಿಲ್ಲ ಎಂದರೂ.

ಇಂಗಾ ಹೊಲದ ಮೂಲೆಗೆ ಎಳೆದು ನಿಲ್ಲಿಸಿಕೊಳ್ಳುತ್ತಾಳಂತೆ.
ಇಂಜಿನ್ನು ತೆಗೆದು, ಹಿಂದಿನ ಸೀಟು ಬಿಟ್ಟು,
ಒಳಗೆ ಕೋಳಿಗಳು.
‘ಮೊಟ್ಟೆ ಇಡೋಕೆ ಬೆಚ್ಚಗಿರತ್ತೆ,’ ಅಂದ ಸಿಗರ್ಡ್,
ಅನುಭವಸ್ಥನಂತೆ,
ಅಂದದ್ದು ಹೊಳೆದು ಕಿವಿಯವರೆಗೂ ಕೆಂಪಾದ.

ಕಾಗದಗಳಿಗೆ ಸಹಿ ಹಾಕಿದ್ದೇನೆ.
ವಿಮಾನ ಗುರುವಾರ.
ಅಲ್ಲಿ ಇಳಿದ ಮೇಲೆ
ನನ್ನ ಬೂಟಿನ ಅಡಿಯನ್ನೂ ತಿರುಗಿಸಿ ನೋಡುತ್ತಾರಂತೆ.
ಗಟ್ಟಿ ಬಿರುಸಿನ ಬ್ರಷ್ಷೊಂದು ತಂದಿಟ್ಟಿದ್ದೇನೆ.
ಬಾಗಿಲ ಬಳಿ ಬೂಟು ಇದೆ, ಬ್ರಷ್ಷೂ ಇದೆ.
ಇವತ್ತಿನ್ನೂ ಸೋಮವಾರ.